‘ಬಾಕಿ ಇದೆ’ ಅಂದರೆ ಯಾರಿಗೆ ಬಾಕಿ? ಬಳಸುವವರ ತಲೆಯೊಳಗಿನ ಚಿತ್ರ ಹಿಡಿಯುವ ಬಗೆ

ಬೆಂಗಳೂರಿನ ಗಾಂಧಿ ಬಜಾರ್. ಸಂಜೆ ಆರು ಗಂಟೆ. ಹೂವಿನ ಅಂಗಡಿಯೊಂದರ ಪಕ್ಕ ಪ್ಲಾಸ್ಟಿಕ್ ಸ್ಟೂಲ್ ಹಾಕಿಕೊಂಡು ಕೂತಿದ್ದೆ. ಗಿರಾಕಿಯೊಬ್ಬರು ಎರಡು ಮೊಳ ಮಲ್ಲಿಗೆ ತೆಗೆದುಕೊಂಡು ಸ್ಕ್ಯಾನ್ ಮಾಡಿದರು. ಸೌಂಡ್ ಬಾಕ್ಸ್ ಮಾತಾಡಲಿಲ್ಲ. ಅವರು ಫೋನ್ ತಿರುಗಿಸಿ ತೋರಿಸಿದರು. ಕನ್ನಡದಲ್ಲೇ ಇತ್ತು: ‘ನಿಮ್ಮ ಪಾವತಿ ಬಾಕಿ ಇದೆ.’

ಹೂವಿನಕ್ಕ ಅದನ್ನು ಓದಿದರು. “ನೋಡಿ ಅಣ್ಣ, ಬಾಕಿ ಇದೆ ಅಂತ ನಿಮ್ ಫೋನೇ ಹೇಳ್ತಿದೆ. ಕೊಟ್ಬಿಡಿ.”

ಅವರು ಜೇಬಿನಿಂದ ನೋಟು ತೆಗೆದು ಕೊಟ್ಟು ಹೋದರು. ಐದು ನಿಮಿಷ ಬಿಟ್ಟು ಬಾಕ್ಸ್ ಕೂಗಿತು. ಮೊದಲು ಕಳಿಸಿದ್ದೂ ಬಂತು.

ಆ ಸ್ಕ್ರೀನ್ ಬರೆದವರ ಮನಸ್ಸಿನಲ್ಲಿ ‘ಬಾಕಿ’ ಅಂದರೆ ಕೆಲಸ ಇನ್ನೂ ಮುಗಿದಿಲ್ಲ, ಸ್ವಲ್ಪ ತಾಳಿ ಅಂತ. ಅಂಗಡಿಯಲ್ಲಿ ಬಾಕಿ ಅಂದರೆ ಇನ್ನೂ ಕೊಡಬೇಕಾದ ದುಡ್ಡು. ಉದ್ರಿ ಪುಸ್ತಕದಲ್ಲಿ ಬರೆಯುವುದೂ ಅದೇ ಪದ. ಇಲ್ಲಿ ಯಾರೂ ದಡ್ಡರಲ್ಲ. ಒಂದೇ ಪದ ಎರಡು ತಲೆಯಲ್ಲಿ ಎರಡು ಚಿತ್ರ ಎಬ್ಬಿಸಿತು. ಆ ಚಿತ್ರಗಳನ್ನು ಸ್ಕ್ರೀನ್ ಬರೆಯುವ ಮೊದಲೇ ಹೊರಗೆ ತೆಗೆದು ನೋಡುವುದು ಹೇಗೆ ಅಂತ ಇಲ್ಲಿ ಹೇಳುತ್ತೇನೆ. ಡಿಸೈನ್ ಕೆಲಸಕ್ಕೆ ಹೊಸದಾಗಿ ಬಂದವರು, ಕನ್ನಡದಲ್ಲಿ ಜನರ ಜೊತೆ ಕೂತು ಮಾತಾಡಬೇಕಾದವರು ನನ್ನ ಕಣ್ಣ ಮುಂದಿದ್ದಾರೆ.

ಏನಿದು ಮೆಂಟಲ್ ಮಾಡೆಲ್

ಯಾವುದೇ ವಸ್ತು ಹೀಗೆ ಕೆಲಸ ಮಾಡುತ್ತದೆ ಅಂತ ನಮ್ಮ ತಲೆಯೊಳಗೆ ಒಂದು ಚಿತ್ರ ಇರುತ್ತದೆ. ಇದನ್ನು ಒತ್ತಿದರೆ ಅದಾಗುತ್ತೆ ಅಂತ ಮೊದಲು ಆ ಚಿತ್ರದಲ್ಲಿ ನಡೆಸಿ ನೋಡಿ, ಆಮೇಲೆ ಕೈ ಹಾಕುತ್ತೇವೆ. ಮನಸ್ಸು ಹೊರಗಿನ ಲೋಕದ ಪುಟ್ಟ ಮಾದರಿ ಕಟ್ಟಿಕೊಂಡು ಮುಂದೇನಾಗುತ್ತದೆ ಎಂದು ಊಹಿಸುತ್ತದೆ ಅಂತ 1943ರಲ್ಲೇ ಮನೋವಿಜ್ಞಾನಿ ಕೆನೆತ್ ಕ್ರೇಕ್ ಬರೆದಿದ್ದರು. 1983ರಲ್ಲಿ ಡೊನಾಲ್ಡ್ ನಾರ್ಮನ್ ಈ ಮಾತನ್ನು ಯಂತ್ರ ಬಳಸುವವರ ಹತ್ತಿರಕ್ಕೆ ತಂದರು. ಈ ಚಿತ್ರಗಳು ಅರೆಬರೆ ಇರುತ್ತವೆ, ಮರೆತು ಹೋಗುತ್ತವೆ, ಒಂದರೊಳಗೊಂದು ಕಲಸಿಕೊಳ್ಳುತ್ತವೆ ಎಂದರು. ಕ್ಯಾಲ್ಕುಲೇಟರ್‌ನಲ್ಲಿ ಒಂದು ಸಲ ಒತ್ತಿದರೆ ಸಾಕಾಗುವ ಕ್ಲಿಯರ್ ಬಟನ್ನನ್ನು ಜನ ಹಲವು ಸಲ ಒತ್ತುವುದನ್ನು ಅವರು ಕಂಡಿದ್ದರು.

ನನಗೆ ಜಾಸ್ತಿ ಇಷ್ಟವಾದದ್ದು ವಿಲ್ಲೆಟ್ ಕೆಂಪ್ಟನ್ 1986ರಲ್ಲಿ ಪ್ರಕಟಿಸಿದ ಕೆಲಸ. ಅವರು ಅಮೆರಿಕದ ಮನೆಗಳಲ್ಲಿ ಹೀಟರ್‌ನ ಥರ್ಮೋಸ್ಟಾಟ್ ಬಗ್ಗೆ ಜನರನ್ನು ಮಾತಾಡಿಸಿದರು. ಕೆಲವರಿಗೆ ಅದು ಬೇಕಾದಷ್ಟು ಬಿಸಿಯಾದ ಮೇಲೆ ತಾನೇ ಆಫ್ ಆಗುವ ಸ್ವಿಚ್. ಇನ್ನು ಕೆಲವರಿಗೆ ನಲ್ಲಿಯ ಹಾಗೆ, ಜಾಸ್ತಿ ತಿರುಗಿಸಿದಷ್ಟೂ ಜಾಸ್ತಿ ಬಿಸಿ. ಬೇಗ ತಣ್ಣಗಾಗಲಿ ಅಂತ ನಾವು ಎಸಿಯನ್ನು 16ಕ್ಕೆ ಇಡುತ್ತೇವಲ್ಲ, ಅದೂ ಇದೇ ನಲ್ಲಿ ಚಿತ್ರ. ಇನ್ವರ್ಟರ್ ಇಲ್ಲದ ಹಳೇ ಎಸಿ 16ಕ್ಕಿಟ್ಟರೂ 24ಕ್ಕಿಟ್ಟರೂ ಒಂದೇ ವೇಗದಲ್ಲಿ ತಣ್ಣಗೆ ಮಾಡುತ್ತದೆ. ಈ ಚಿತ್ರ ತಪ್ಪು, ನಿಜ. ಆದರೆ ಅದಕ್ಕೊಂದು ಕಾರಣ ಇದೆ. ಮನೆಯಲ್ಲಿರುವ ಗ್ಯಾಸ್ ಒಲೆ, ನಲ್ಲಿ, ಫ್ಯಾನ್ ರೆಗ್ಯುಲೇಟರ್ ಎಲ್ಲ ಹಾಗೇ ತಾನೇ ಕೆಲಸ ಮಾಡುವುದು? ಜನ ಕಂಡ ವಸ್ತುವನ್ನು ಹಿಡಿದು ಕಾಣದ್ದನ್ನು ಅರ್ಥ ಮಾಡಿಕೊಳ್ಳುತ್ತಾರೆ. ಯಾವ ವಸ್ತುವನ್ನು ಹಿಡಿದು ಅಂತ ಪತ್ತೆ ಮಾಡಬೇಕು. ನಮ್ಮ ಕೆಲಸದ ತಿರುಳು ಅದು.

ಮೊದಲ ಹೆಜ್ಜೆ: ಒಂದೇ ಪ್ರಶ್ನೆ

‘ಯುಪಿಐ ಬಗ್ಗೆ ಜನ ಏನಂದುಕೊಂಡಿದ್ದಾರೆ’ ಅಂತ ಹೊರಟರೆ ಚೀಲ ತುಂಬ ಮಾತು ಸಿಗುತ್ತೆ, ಕೆಲಸಕ್ಕೆ ಬರುವುದು ಸಿಗುವುದಿಲ್ಲ. ಆ ‘ಬಾಕಿ ಇದೆ’ ಸ್ಕ್ರೀನ್ ತಿದ್ದಿ ಬರೆಯಲು ಹೊರಟ ನಮ್ಮ ತಂಡ ಹಿಡಿದ ಪ್ರಶ್ನೆ ಇಷ್ಟು: ಒಬ್ಬರ ಫೋನಿನಿಂದ ಹೊರಟ ಮೇಲೆ, ಇನ್ನೊಬ್ಬರಿಗೆ ತಲುಪುವ ಮೊದಲು, ದುಡ್ಡು ಎಲ್ಲಿರುತ್ತೆ ಅಂತ ಸಣ್ಣ ವ್ಯಾಪಾರಿಗಳು ತಿಳಿದಿದ್ದಾರೆ?

ಇಂಥ ಪ್ರಶ್ನೆ ಸಿಗುವುದು ಜನ ಎಡವುವ ಜಾಗದಲ್ಲಿ. ಕಸ್ಟಮರ್ ಕೇರ್‌ಗೆ ಯಾವುದಕ್ಕೆ ಜಾಸ್ತಿ ಫೋನ್ ಬರುತ್ತೆ ಕೇಳಿ. ಯಾವ ಬಟನ್ನನ್ನು ಜನ ಎರಡೆರಡು ಸಲ ಒತ್ತುತ್ತಾರೆ ನೋಡಿ. ಎಲ್ಲ ಸರಿಯಾಗಿ ನಡೆಯುವಾಗ ತಲೆಯೊಳಗಿನ ಚಿತ್ರ ಕಾಣುವುದಿಲ್ಲ. ಕೆಟ್ಟಾಗ ಕಾಣುತ್ತೆ.

ಎರಡನೆಯದು: ನಿಮ್ಮ ಚಿತ್ರ ಬರೆದಿಡಿ

ಬೀದಿಗೆ ಇಳಿಯುವ ಮೊದಲು ಎರಡು ಹಾಳೆ ತಗೊಳ್ಳಿ. ಒಂದರಲ್ಲಿ ವ್ಯವಸ್ಥೆ ನಿಜವಾಗಿ ಹೇಗೆ ನಡೆಯುತ್ತದೆ ಅಂತ ಎಂಜಿನಿಯರ್ ಜೊತೆ ಕೂತು ಬರೆಯಿರಿ. ನಮ್ಮ ಹಾಳೆಯಲ್ಲಿ ಹೀಗಿತ್ತು: ಕೊಡುವವರ ಆ್ಯಪ್ ಕೋರಿಕೆ ಕಳಿಸುತ್ತದೆ. ಅದು ಆ ಆ್ಯಪ್‌ನ ಹಿಂದಿರುವ ಬ್ಯಾಂಕಿನ ಮೂಲಕ ಯುಪಿಐ ನಡೆಸುವ ಸಂಸ್ಥೆಯಾದ ಎನ್‌ಪಿಸಿಐಗೆ ಹೋಗುತ್ತದೆ. ಎನ್‌ಪಿಸಿಐ ಕೊಡುವವರ ಬ್ಯಾಂಕಿಗೆ ‘ಕಳೆಯಿರಿ’ ಅನ್ನುತ್ತದೆ. ಆಮೇಲೆ ಪಡೆಯುವವರ ಬ್ಯಾಂಕಿಗೆ ‘ಸೇರಿಸಿ’ ಅನ್ನುತ್ತದೆ. ಓಡಾಡುವುದೆಲ್ಲ ಸಂದೇಶ. ಬ್ಯಾಂಕುಗಳ ನಡುವಿನ ಲೆಕ್ಕ ಆಮೇಲೆ ಒಟ್ಟೊಟ್ಟಿಗೆ ಚುಕ್ತಾ ಆಗುತ್ತದೆ. ಒಂದು ಕಡೆ ಕಳೆದಾಗಿ, ಇನ್ನೊಂದು ಕಡೆಯ ಉತ್ತರ ಬಾರದೆ ಇರುವ ಹೊತ್ತೇ ಆ ‘ಬಾಕಿ ಇದೆ’.

ಎರಡನೇ ಹಾಳೆಯಲ್ಲಿ ಜನ ಹೀಗೆ ತಿಳಿದಿರಬಹುದು ಅನ್ನುವ ನಿಮ್ಮ ಊಹೆ ಬರೆಯಿರಿ. ತಾರೀಖು ಹಾಕಿ ಮಡಚಿ ಇಡಿ. ಇದನ್ನು ಬಿಟ್ಟವರಿಗೆ ಒಂದು ತೊಂದರೆ ಆಗುವುದನ್ನು ಎಷ್ಟೋ ಸಲ ನೋಡಿದ್ದೇನೆ. ಜನರ ಮಾತಿನೊಳಗೆ ತಮ್ಮ ಊಹೆಯನ್ನೇ ಕೇಳಿಸಿಕೊಂಡು, ‘ನಾನು ಅಂದುಕೊಂಡ ಹಾಗೇ ಇದೆ’ ಅಂತ ವಾಪಸ್ ಬರುತ್ತಾರೆ. ಬರೆದಿಟ್ಟರೆ ಎಲ್ಲಿ ತಪ್ಪಿದೆವು ಅಂತ ಹಾಳೆಯೇ ತೋರಿಸುತ್ತದೆ.

ಯಾರ ಹತ್ತಿರ ಹೋಗಬೇಕು

ವಯಸ್ಸು, ಓದು, ಊರು ನೋಡಿ ಗುಂಪು ಮಾಡುವುದು ನನಗೆ ಒಪ್ಪಿಗೆಯಿಲ್ಲ. ಏನು ಮಾಡುತ್ತಾರೆ ಅನ್ನುವುದರ ಮೇಲೆ ಮಾಡಿ. ಸೌಂಡ್ ಬಾಕ್ಸ್ ಇಟ್ಟವರು, ಮೆಸೇಜ್ ನೋಡಿ ನಂಬುವವರು, ಮಗನ ಖಾತೆಯ ಕ್ಯೂಆರ್ ಅಂಟಿಸಿಕೊಂಡವರು. ಈ ಮೂವರ ಚಿತ್ರ ಬೇರೆ ಬೇರೆ ಇರುತ್ತೆ ಅಂತ ಮೇಲುನೋಟಕ್ಕೇ ಅನ್ನಿಸುತ್ತೆ, ಅಲ್ವಾ? ಒಂದೊಂದು ಗುಂಪಿನಲ್ಲಿ ನಾಲ್ಕೈದು ಜನರಿಂದ ಶುರು ಮಾಡುತ್ತೇನೆ. ಹೊಸ ಚಿತ್ರ ಬರುವುದು ನಿಂತ ಮೇಲೆ ಇನ್ನಿಬ್ಬರನ್ನು ಮಾತಾಡಿಸಿ ನಿಲ್ಲಿಸುತ್ತೇನೆ.

ಅವರ ಜಾಗಕ್ಕೇ ಹೋಗಿ. ಆಫೀಸಿನ ಕೋಣೆಗೆ ಕರೆದರೆ ಪರೀಕ್ಷೆಗೆ ಕೂತ ಹಾಗೆ ಕೂರುತ್ತಾರೆ. ಅವರ ಸಮಯಕ್ಕೆ ಹಣ ಕೊಡಿ. ವ್ಯಾಪಾರದ ಹೊತ್ತು ಕೆಡಿಸಬೇಡಿ, ಗಿರಾಕಿ ಬಂದರೆ ಎದ್ದು ಪಕ್ಕಕ್ಕೆ ನಿಲ್ಲಿ. ರೆಕಾರ್ಡ್ ಮಾಡುವ ಮೊದಲು ಕೇಳಿ. ಪಿನ್ ಒತ್ತುವಾಗ, ಬ್ಯಾಲೆನ್ಸ್ ನೋಡುವಾಗ ಮುಖ ತಿರುಗಿಸಿ. ಆ ಒಂದು ನಡತೆಯಿಂದ ಬರುವ ನಂಬಿಕೆ ಯಾವ ಒಪ್ಪಿಗೆ ಪತ್ರದಿಂದಲೂ ಬರುವುದಿಲ್ಲ.

ಮಾತುಕತೆ

ಹೊಸಬರು ಮೊದಲು ಕೇಳುವ ಪ್ರಶ್ನೆ: ‘ಇದು ಹೇಗೆ ಕೆಲಸ ಮಾಡುತ್ತೆ ಅಂತ ನಿಮಗೆ ಅನ್ನಿಸುತ್ತೆ?’ ಇದನ್ನು ಕೇಳಿದ ತಕ್ಷಣ ಎದುರಿನವರು ಮುದುಡಿಕೊಳ್ಳುತ್ತಾರೆ. “ಅಯ್ಯೋ, ಅದೆಲ್ಲ ನಮಗೆ ಗೊತ್ತಿಲ್ಲಮ್ಮ, ನನ್ ಮಗನ್ನ ಕೇಳಿ” ಅನ್ನುತ್ತಾರೆ. ಇಲ್ಲವೇ ಗೊತ್ತು ಅಂತ ತೋರಿಸಿಕೊಳ್ಳಲು ಏನೋ ಒಂದು ಕಟ್ಟಿ ಹೇಳುತ್ತಾರೆ. ಲಿಯೊನಿಡ್ ರೋಝೆನ್‌ಬ್ಲಿಟ್ ಮತ್ತು ಫ್ರಾಂಕ್ ಕೀಲ್ 2002ರಲ್ಲಿ ತೋರಿಸಿದ್ದು ಇದಕ್ಕೆ ಹತ್ತಿರದ್ದು. ಜಿಪ್, ಟಾಯ್ಲೆಟ್ ಫ್ಲಶ್‌ನಂಥ ದಿನಬಳಕೆಯ ವಸ್ತು ಹೇಗೆ ಕೆಲಸ ಮಾಡುತ್ತದೆ ಅಂತ ಚೆನ್ನಾಗಿ ಗೊತ್ತು ಅಂದವರು, ಹಂತ ಹಂತವಾಗಿ ವಿವರಿಸಿ ಅಂದ ಮೇಲೆ ‘ಅಷ್ಟೇನೂ ಗೊತ್ತಿಲ್ಲ’ ಅಂತ ತಮ್ಮ ಅಂದಾಜನ್ನು ಇಳಿಸಿಕೊಂಡರು. ಓದಿದವರಿಗೂ ಇದು ಬಿಟ್ಟಿದ್ದಲ್ಲ.

ಆದ್ದರಿಂದ ಒಂದು ನಡೆದ ಘಟನೆಯಿಂದ ಶುರು ಮಾಡಿ. “ಅಕ್ಕ, ಕೊನೇ ಸಲ ಬಾಕ್ಸ್ ಕೂಗದೇ ಇದ್ದದ್ದು ಯಾವಾಗ?” ಅಂತ ಕೇಳಿ. ದಿನ, ಗಿರಾಕಿ, ಎಷ್ಟು ದುಡ್ಡು, ಎಲ್ಲ ಬರಲಿ. ನೆನಪು ಬಿಚ್ಚಿಕೊಂಡ ಮೇಲೆ ‘ಆಮೇಲೆ?’ ಅನ್ನುವ ಒಂದೇ ಪದ ಸಾಕು. ಮಾತಿನ ನಡುವೆ ಅವರು ಸುಮ್ಮನಾದರೆ ನೀವೂ ಸುಮ್ಮನಿರಿ. ಮನಸ್ಸಿನಲ್ಲೇ ಹತ್ತು ಎಣಿಸಿ. ಒಳ್ಳೆಯ ಮಾತು ಬರುವುದು ಆ ಎಂಟನೇ ಒಂಬತ್ತನೇ ಎಣಿಕೆಗೆ.

ನಂತರ ಊಹೆಯ ಪ್ರಶ್ನೆಗಳು. “ಈಗ ಇದನ್ನ ಒತ್ತಿದ್ರೆ ಏನಾಗುತ್ತೆ?” ಅಂತ ಮೊದಲು ಹೇಳಿಸಿ, ಆಮೇಲೆ ಒತ್ತಿಸಿ. “ನಿಮ್ ಫೋನ್ ನೀರಿಗೆ ಬಿದ್ರೆ ಅದ್ರಲ್ಲಿರೋ ದುಡ್ಡು ಏನಾಗುತ್ತೆ?” “ಕರೆಂಟ್ ಹೋಗಿ ಬಾಕ್ಸ್ ಆಫ್ ಆಗಿದ್ದಾಗ ಯಾರಾದ್ರೂ ಸ್ಕ್ಯಾನ್ ಮಾಡಿದ್ರೆ?” ಇವಕ್ಕೆ ಉತ್ತರ ಕೊಡಲು ಅವರು ತಲೆಯೊಳಗಿನ ಚಿತ್ರವನ್ನು ಓಡಿಸಲೇಬೇಕು. ಚಿತ್ರ ಹೊರಗೆ ಬರುವುದು ಹಾಗೆ ಓಡಿಸುವಾಗ.

‘ಯಾಕೆ’ ಅಂತ ಕೇಳುವುದನ್ನು ಕಡಿಮೆ ಮಾಡಿ. ತಾವು ಯಾಕೆ ಹಾಗೆ ಮಾಡಿದೆವು ಅಂತ ಜನ ಹೇಳುವ ಕಾರಣ ಎಷ್ಟೋ ಸಲ ಆಮೇಲೆ ಹುಡುಕಿಕೊಂಡದ್ದು ಅಂತ ರಿಚರ್ಡ್ ನಿಸ್ಬೆಟ್ ಮತ್ತು ತಿಮೋತಿ ವಿಲ್ಸನ್ 1977ರಲ್ಲೇ ಎಚ್ಚರಿಸಿದ್ದಾರೆ. ಕನ್ನಡದಲ್ಲಿ ಇನ್ನೊಂದು ತೊಡಕಿದೆ. ‘ಯಾಕೆ ಹಾಗೆ ಮಾಡಿದ್ರಿ?’ ಅಂದರೆ ಬೈದ ಹಾಗೆ ಕೇಳುತ್ತೆ. ‘ಆಗ ಏನಂದ್ಕೊಂಡ್ರಿ?’ ಅನ್ನಿ. ಮಾತಿಗೆ ದಾರಿ ಆಗುತ್ತೆ.

ನಿಮ್ಮ ಪದಗಳನ್ನು ಅವರ ಬಾಯಿಗೆ ತುರುಕಬೇಡಿ. ಅವರು ‘ಬಾಕ್ಸು’ ಅಂದರೆ ನೀವೂ ಬಾಕ್ಸು ಅನ್ನಿ. ‘ಟ್ರಾನ್ಸಾಕ್ಷನ್’ ಅನ್ನುವ ಪದ ನಿಮ್ಮ ಬಾಯಿಂದ ಒಮ್ಮೆ ಬಂದರೆ ಸಾಕು, ಮುಂದಿನ ಅರ್ಧ ಗಂಟೆ ಅವರೂ ಅದನ್ನೇ ಹೇಳುತ್ತಾರೆ, ನಿಮ್ಮನ್ನು ಮೆಚ್ಚಿಸಲು.

ಇನ್ನೊಂದು ಮುಖ್ಯ ಮಾತು. ಮಾತಿನ ನಡುವೆ ಅಪಾಯದ ತಪ್ಪು ತಿಳಿವಳಿಕೆ ಕಂಡರೆ ಆಗಲೇ ತಿದ್ದಬೇಡಿ. ತಿದ್ದಿದರೆ ಮುಂದೆ ಅವರು ಎಚ್ಚರದಿಂದ ಮಾತಾಡುತ್ತಾರೆ. ಆದರೆ ಎದ್ದು ಬರುವ ಮೊದಲು ಕೂರಿಸಿಕೊಂಡು ಹೇಳಿ. ದುಡ್ಡು ಬರಬೇಕಾದರೆ ಪಿನ್ ಒತ್ತಬೇಕು ಅಂತ ನಂಬಿದವರನ್ನು ಹಾಗೇ ಬಿಟ್ಟು ಬಂದರೆ ನಾವು ಅವರಿಂದ ಪಡೆದುಕೊಂಡೆವು, ಕೊಡಲಿಲ್ಲ ಅಂತಾಯಿತು. ಮೋಸ ಹೋದ ಕಥೆ ಹೇಳಿದರೆ ಸೈಬರ್ ವಂಚನೆಯ ದೂರು ಕೊಡುವ 1930 ಸಹಾಯವಾಣಿಯ ನಂಬರನ್ನು ಚೀಟಿಯಲ್ಲಿ ಬರೆದುಕೊಡಿ.

ಬರೆಯಿಸಿ, ಇಲ್ಲವೇ ಜೋಡಿಸಲು ಹೇಳಿ

ಬಾಯಲ್ಲಿ ಹೇಳಲಾಗದ್ದು ಕೈಯಲ್ಲಿ ಬರುತ್ತೆ. ಹಾಳೆ, ದಪ್ಪ ಪೆನ್ನು ಕೊಟ್ಟು ‘ದುಡ್ಡು ಹೋಗೋ ದಾರಿ ಬರೀರಿ’ ಅನ್ನಿ. ತುಂಬಾ ಜನ ಪೆನ್ನು ಮುಟ್ಟುವುದಿಲ್ಲ. ಆಗ ಒತ್ತಾಯ ಮಾಡಬೇಡಿ. ಅಲ್ಲೇ ಸುತ್ತ ಇರುವ ಸಾಮಾನು ಬಳಸಿ.

ಹೂವಿನಕ್ಕನ ಜೊತೆ ಹಾಗೇ ಆಯಿತು. ಪೆನ್ನು ನೋಡಿ “ನಂಗೆ ಬರೆಯೋಕೆ ಬರಲ್ಲಮ್ಮ” ಅಂದರು. ಮೊಗ್ಗಿನಲ್ಲೇ ತೋರಿಸಿ ಅಕ್ಕ ಅಂದೆ. ಒದ್ದೆ ಗೋಣಿಚೀಲದ ಮೇಲೆ ಜಾಗ ಮಾಡಿದರು. ಬಾಳೆ ನಾರಿನ ಒಂದು ತುಂಡು ಇಟ್ಟು, “ಇದು ಅವ್ರ ಫೋನು.” ಇನ್ನೊಂದು ಕಡೆ ದಾರದ ಉಂಡೆ. “ಇದು ನನ್ ಬಾಕ್ಸು.” ನಡುವೆ ಮಲ್ಲಿಗೆ ಮೊಗ್ಗುಗಳನ್ನು ಒಂದೊಂದಾಗಿ ಸಾಲಾಗಿ ಇಟ್ಟುಕೊಂಡು ಬಂದರು. ಕೊನೇ ಮೊಗ್ಗನ್ನು ದಾರದ ಉಂಡೆಯೊಳಗೆ ತುರುಕಿದರು. “ಇಲ್ಲಿ ಬಿತ್ತು. ಕೂಗ್ತು.”

“ಆಮೇಲೆ?”

“ಆಮೇಲೇನು? ರಾತ್ರಿ ಅದೇ ಬ್ಯಾಂಕಿಗೆ ಹೋಗುತ್ತೆ.”

“ಬಾಕ್ಸ್ ಆಫ್ ಇದ್ರೆ?”

ಸ್ವಲ್ಪ ಹೊತ್ತು ನೋಡುತ್ತಾ ಕೂತರು. ಸಾಲಿನ ನಡುವಿನ ಒಂದು ಮೊಗ್ಗಿನ ಮೇಲೆ ಬೆರಳಿಟ್ಟರು. “ಇಲ್ಲೇ ನಿಂತ್ಕೊಂಡಿರುತ್ತೆ. ಬಾಕ್ಸು ಹಾಕಿದ್ ತಕ್ಷಣ ಬರುತ್ತೆ.”

ಅವರ ಚಿತ್ರದಲ್ಲಿ ಬ್ಯಾಂಕು ದಾರಿಯಲ್ಲಿ ಇಲ್ಲವೇ ಇಲ್ಲ. ಬಾಕ್ಸು ಹುಂಡಿ ಇದ್ದ ಹಾಗೆ. ದುಡ್ಡು ಅದರೊಳಗೆ ಬೀಳುತ್ತೆ, ಬಿದ್ದಾಗ ಸದ್ದಾಗುತ್ತೆ. ನಾವು ಆಫೀಸಿನಲ್ಲಿ ಬಾಕ್ಸನ್ನು ಸುದ್ದಿ ಹೇಳುವ ಸಾಧನ ಅಂದುಕೊಂಡಿದ್ದೆವು. ಮಡಚಿಟ್ಟ ನನ್ನ ಹಾಳೆಯಲ್ಲಿ ಹುಂಡಿಯ ಸುಳಿವೂ ಇರಲಿಲ್ಲ.

ಫೋಟೋ ತೆಗೆದುಕೊಳ್ಳಿ. ಯಾವ ಕ್ರಮದಲ್ಲಿ ಇಟ್ಟರು ಅಂತಲೂ ಬರೆದುಕೊಳ್ಳಿ. ಮೊದಲು ಇಟ್ಟ ವಸ್ತು ಅವರಿಗೆ ಎಲ್ಲಕ್ಕಿಂತ ಗಟ್ಟಿ ಅನ್ನಿಸಿದ್ದು.

ಇನ್ನೂ ಮೂರು ಉಪಾಯಗಳಿವೆ, ಬೇಗ ಹೇಳಿಬಿಡುತ್ತೇನೆ. ಒಂದು, ಕೆಲಸ ಮಾಡುತ್ತಲೇ ಮನಸ್ಸಿಗೆ ಬಂದದ್ದನ್ನು ಬಾಯಿಬಿಟ್ಟು ಹೇಳಿಸುವುದು. ಆ್ಯಂಡರ್ಸ್ ಎರಿಕ್ಸನ್ ಮತ್ತು ಹರ್ಬರ್ಟ್ ಸೈಮನ್ ಇದರ ಬುನಾದಿ ಹಾಕಿದರು, 1982ರಲ್ಲಿ ಐಬಿಎಂನ ಕ್ಲೇಟನ್ ಲೂಯಿಸ್ ಇಂಟರ್‌ಫೇಸ್ ಪರೀಕ್ಷೆಗೆ ತಂದರು. ಹೇಳುತ್ತಾ ಇರಲಿ, ನಡುವೆ ವಿವರಣೆ ಕೇಳಬೇಡಿ. ವಿವರಿಸಲು ಹೊರಟ ಕೂಡಲೇ ಅವರು ಮಾಡುವ ರೀತಿಯೇ ಬದಲಾಗುತ್ತೆ. ಎರಡು, ಪಾಠ ಹೇಳಿಸುವುದು. “ನಾಳೆಯಿಂದ ನಿಮ್ ತಂಗಿ ಅಂಗಡೀಲಿ ಕೂರ್ತಾಳೆ ಅಂದ್ಕೊಳ್ಳಿ, ಅವಳಿಗೆ ಹೇಳ್ಕೊಡಿ.” ನಮ್ಮ ಜನರಿಗೆ ಇದು ತುಂಬಾ ಒಗ್ಗುತ್ತೆ, ಸಂಕೋಚ ಹೋಗಿ ಗತ್ತು ಬರುತ್ತೆ. ಮೂರು, ಕಾರ್ಡ್ ಜೋಡಿಸುವುದು, ಅಂದರೆ ಒಂದೊಂದು ಕಾರ್ಡಿನ ಮೇಲೆ ಒಂದೊಂದು ವಿಷಯ ಬರೆದು ಕೊಟ್ಟು ಗುಂಪು ಮಾಡಿಸುವುದು. ಯಾವುದು ಯಾವುದರ ಜೊತೆ ಸೇರುತ್ತೆ ಅಂತ ತಿಳಿಯಲು ಅದು ಒಳ್ಳೆಯದು, ಮೆನು ಮಾಡುವಾಗ ಬಳಸಿ. ಒಂದರ ನಂತರ ಒಂದು ಏನಾಗುತ್ತೆ ಅಂತ ತಿಳಿಯಲು ಅದರಿಂದ ಆಗುವುದಿಲ್ಲ.

ಕನ್ನಡದಲ್ಲೇ ಬರೆದುಕೊಳ್ಳಿ, ಕ್ರಿಯಾಪದ ಬಿಡಬೇಡಿ

ಈ ಹೆಜ್ಜೆಯ ಬಗ್ಗೆ ನನಗೆ ಬಹಳ ಹಠ ಇದೆ. ತಂಡದಲ್ಲಿ ಕನ್ನಡ ಬಾರದವರು ಇರುತ್ತಾರೆ ಅಂತ ಅಲ್ಲಲ್ಲೇ ಇಂಗ್ಲಿಷ್‌ನಲ್ಲಿ ಟಿಪ್ಪಣಿ ಮಾಡುವ ರೂಢಿ ಇದೆ. ಹಾಗೆ ಮಾಡಿದರೆ ಅರ್ಧ ಸಂಶೋಧನೆ ಅಲ್ಲೇ ಕಳೆದುಹೋಗುತ್ತೆ.

ಒಂದೇ ಸಂದರ್ಭಕ್ಕೆ ನಾವು ಕೇಳಿಸಿಕೊಂಡ ಮಾತುಗಳನ್ನು ನೋಡಿ. ‘ದುಡ್ಡು ಇನ್ನೂ ಬಿದ್ದಿಲ್ಲ.’ ‘ದುಡ್ಡು ಸಿಕ್ಕಾಕ್ಕೊಂಡಿದೆ.’ ‘ಕಟ್ ಆಗಿದೆ, ಹತ್ತಿಲ್ಲ.’ ‘ಸುತ್ತುತ್ತಾ ಇದೆ.’ ಇಂಗ್ಲಿಷ್ ಟಿಪ್ಪಣಿಯಲ್ಲಿ ಈ ನಾಲ್ಕಕ್ಕೂ ‘ಪೆಂಡಿಂಗ್’ ಅಂತ ಒಂದೇ ಪದ ಬೀಳುತ್ತೆ. ಆದರೆ ಬೀಳುವುದಕ್ಕೆ ಒಂದು ಡಬ್ಬಿ ಬೇಕು. ಸಿಕ್ಕಿಹಾಕಿಕೊಳ್ಳಲು ಒಂದು ದಾರಿ ಬೇಕು. ಕಟ್ ಆಗಲು, ಹತ್ತಲು ಒಂದು ಲೆಕ್ಕದ ಪುಸ್ತಕ ಬೇಕು. ಸುತ್ತುವುದು ಸ್ಕ್ರೀನಿನ ಮೇಲೆ ತಿರುಗುವ ಆ ಚಕ್ರದಿಂದ ಬಂದದ್ದು. ನಾವು ‘ಕಾಯಿರಿ’ ಅನ್ನಲು ಹಾಕಿದ ಚಕ್ರವನ್ನು ಅವರು ದುಡ್ಡೇ ಅಲ್ಲಿ ತಿರುಗುತ್ತಿದೆ ಅಂತ ಓದಿದ್ದರು.

ಆದ್ದರಿಂದ ಹೇಳಿದ್ದನ್ನು ಹೇಳಿದ ಹಾಗೇ ಬರೆಯಿರಿ. ಮಂಡ್ಯದ ಮಾತು, ಧಾರವಾಡದ ಮಾತು, ಮಂಗಳೂರಿನ ಮಾತು, ಏನಿದ್ದರೂ ತಿದ್ದಬೇಡಿ. ಪಕ್ಕದಲ್ಲಿ ಇನ್ನೊಂದು ಸಾಲು ಮಾಡಿ ಅಲ್ಲಿ ನಿಮ್ಮ ಅರ್ಥ ಬರೆಯಿರಿ. ಕ್ರಿಯಾಪದದ ಕೆಳಗೆ ಗೆರೆ ಎಳೆಯಿರಿ. ಕನ್ನಡ ಬಾರದ ಸಹೋದ್ಯೋಗಿಗೆ ಆ ಕ್ರಿಯಾಪದವನ್ನು ಕೈಯಲ್ಲಿ ಮಾಡಿ ತೋರಿಸಿ. ‘ಬಿತ್ತು’ ಅನ್ನುವುದನ್ನು ಒಂದು ನಾಣ್ಯ ಬೀಳಿಸಿ ತೋರಿಸಿದರೆ ಯಾರಿಗೂ ಮರೆಯುವುದಿಲ್ಲ.

ನಕ್ಷೆ ಕಟ್ಟುವುದು

ಇಲ್ಲಿ ಒಂದು ಗೊಂದಲ ಮೊದಲೇ ಬಿಡಿಸಿಬಿಡೋಣ. ಮೆಂಟಲ್ ಮಾಡೆಲ್ ನಕ್ಷೆ ಅಂತ ಎರಡು ಬೇರೆ ವಸ್ತುಗಳನ್ನು ಕರೆಯುತ್ತಾರೆ. ಇಂಡಿ ಯಂಗ್ 2008ರಲ್ಲಿ ಜನಪ್ರಿಯ ಮಾಡಿದ ನಕ್ಷೆ ಜನ ಒಂದು ಉದ್ದೇಶಕ್ಕಾಗಿ ಏನೇನು ಯೋಚಿಸುತ್ತಾರೆ, ಮಾಡುತ್ತಾರೆ ಅಂತ ತೋರಿಸುತ್ತದೆ. ಅದರಲ್ಲಿ ಚೀಟಿಗಳನ್ನು ಗೋಪುರಗಳಂತೆ ಪೇರಿಸಿ, ನಡುವೆ ಗೆರೆ ಎಳೆದು, ಗೆರೆಯ ಕೆಳಗೆ ನಮ್ಮ ಸೌಲಭ್ಯಗಳನ್ನು ಜೋಡಿಸುತ್ತಾರೆ. ಯಾವ ಗೋಪುರದ ಕೆಳಗೆ ಏನೂ ಇಲ್ಲ ಅಂತ ಕಾಣುತ್ತೆ. ಹೊಸದಾಗಿ ಏನು ಕಟ್ಟಬೇಕು ಅನ್ನುವವರಿಗೆ ಅದು ಸರಿ. ನಾರ್ಮನ್, ಕೆಂಪ್ಟನ್ ಮಾತಾಡಿದ್ದು ವಸ್ತು ಹೇಗೆ ಕೆಲಸ ಮಾಡುತ್ತೆ ಅನ್ನುವ ನಂಬಿಕೆಯ ಬಗ್ಗೆ. ನಮ್ಮ ಪ್ರಶ್ನೆಗೆ ಬೇಕಾದದ್ದು ಈ ಎರಡನೆಯದು.

ಒಬ್ಬೊಬ್ಬರಿಗೆ ಒಂದೊಂದು ಟ್ರೇಸಿಂಗ್ ಪೇಪರ್ ತಗೊಳ್ಳಿ. ಅವರು ಹೆಸರು ಹೇಳಿದ ವಸ್ತುಗಳನ್ನು ಚೌಕದೊಳಗೆ ಬರೆಯಿರಿ: ಫೋನು, ಬಾಕ್ಸು, ಬ್ಯಾಂಕು, ನೆಟ್ಟು. ಚೌಕಗಳ ನಡುವೆ ಬಾಣ ಎಳೆದು, ಬಾಣದ ಮೇಲೆ ಅವರ ಕ್ರಿಯಾಪದವನ್ನೇ ಬರೆಯಿರಿ. ಅವರು ಹೇಳದ ಚೌಕ ಹಾಕಬೇಡಿ, ಚಿತ್ರ ಎಷ್ಟೇ ಖಾಲಿ ಕಂಡರೂ. ಖಾಲಿ ಇರುವುದೂ ಒಂದು ಉತ್ತರ.

ಈಗ ಆ ಹಾಳೆಯನ್ನು ಎಂಜಿನಿಯರ್ ಜೊತೆ ಬರೆದ ಹಾಳೆಯ ಮೇಲೆ ಇಡಿ. ಮೂರು ಬಣ್ಣದ ಪೆನ್ನು ಸಾಕು. ವ್ಯವಸ್ಥೆಯಲ್ಲಿದ್ದು ಅವರ ಚಿತ್ರದಲ್ಲಿ ಇಲ್ಲದ್ದಕ್ಕೆ ಒಂದು ಬಣ್ಣ. ಅವರ ಚಿತ್ರದಲ್ಲಿದ್ದು ವ್ಯವಸ್ಥೆಯಲ್ಲಿ ಇಲ್ಲದ್ದಕ್ಕೆ ಒಂದು. ಎರಡರಲ್ಲೂ ಇದ್ದು ದಿಕ್ಕು ತಿರುಗಿದ್ದಕ್ಕೆ ಮೂರನೆಯದು. ಹೂವಿನಕ್ಕನ ಹಾಳೆಯಲ್ಲಿ ಎರಡೂ ಬ್ಯಾಂಕುಗಳು ಮೊದಲ ಬಣ್ಣ. ಬಾಕ್ಸಿನೊಳಗಿನ ದುಡ್ಡು ಎರಡನೆಯದು.

ಮೂರನೇ ಬಣ್ಣ ಬಂದದ್ದು ಪಿನ್ ವಿಷಯದಲ್ಲಿ. ಹಲವರಿಗೆ ಪಿನ್ ಅಂದರೆ ಬೀಗದ ಕೈ. ಬೀರು ತೆಗೆಯಲು ಕೀಲಿ ಬೇಕು, ಒಳಗೆ ಇಡಲೂ ಬೇಕು, ಹೊರಗೆ ತೆಗೆಯಲೂ ಬೇಕು. ಹಾಗಾದರೆ ದುಡ್ಡು ಬರುವಾಗಲೂ ಪಿನ್ ಬೇಕಲ್ಲವೇ? ‘ಪಿನ್ ಒತ್ತಿ, ದುಡ್ಡು ಬರುತ್ತೆ’ ಅನ್ನುವ ಮೋಸಗಾರನ ಮಾತು ಈ ಚಿತ್ರದೊಳಗೆ ಸಲೀಸಾಗಿ ಕೂರುತ್ತದೆ. ಯುಪಿಐನಲ್ಲಿ ಪಿನ್ ಚೆಕ್ಕಿನ ಮೇಲಿನ ಸಹಿಗೆ ಹತ್ತಿರ, ಅದನ್ನು ಹಾಕುವವರು ಕೊಡುವವರು. ಚೆಕ್ ಬರೆದು ಗೊತ್ತಿದ್ದ ಕಿರಾಣಿ ಅಂಗಡಿಯವರಿಗೆ ಇದು ಒಂದೇ ಮಾತಿಗೆ ಅರ್ಥವಾಯಿತು. ಕ್ಯೂಆರ್ ಮೂಲಕವೇ ಬ್ಯಾಂಕಿನ ಲೋಕಕ್ಕೆ ಬಂದವರಿಗೆ ಆಗಲಿಲ್ಲ. ಇಂಥ ಮೋಸಕ್ಕೆ ಬಳಕೆಯಾಗುತ್ತಿದ್ದ, ಒಬ್ಬರು ಇನ್ನೊಬ್ಬರಿಂದ ದುಡ್ಡು ಕೇಳುವ ‘ಕಲೆಕ್ಟ್’ ಕೋರಿಕೆಗಳನ್ನು 2025ರ ಅಕ್ಟೋಬರ್ 1ರಿಂದ ನಿಲ್ಲಿಸಲು ಎನ್‌ಪಿಸಿಐ ಹೇಳಿತು. ಜನರ ಚಿತ್ರ ಬದಲಿಸುವುದಕ್ಕಿಂತ ಆ ಬಾಗಿಲನ್ನೇ ಮುಚ್ಚುವುದು ಸರಿ ಅಂತ ನನಗೂ ಅನ್ನಿಸುತ್ತದೆ.

ಎಲ್ಲ ಹಾಳೆಗಳನ್ನು ನೆಲದ ಮೇಲೆ ಹರಡಿ. ಒಂದರ ಹಾಗೆ ಒಂದು ಕಾಣುವವನ್ನು ಹತ್ತಿರ ತನ್ನಿ. ಗುಂಪಿಗೆ ಹೆಸರು ಕೊನೆಯಲ್ಲಿ ಇಡಿ, ಅದೂ ಜನರ ಪದದಲ್ಲೇ. ನಮಗೆ ಮೂರು ಗುಂಪು ಸಿಕ್ಕವು. ಡಬ್ಬಿ, ದಾರಿ, ಲೆಕ್ಕದ ಪುಸ್ತಕ. ಬಾಕ್ಸ್ ಕೂಗದಿದ್ದಾಗ ಡಬ್ಬಿಯವರು ಬಾಕ್ಸನ್ನು ಆಫ್ ಮಾಡಿ ಆನ್ ಮಾಡುತ್ತಾರೆ. ದಾರಿಯವರು ‘ಬರುತ್ತೆ ಬಿಡಿ, ಹೋಗಿ’ ಅನ್ನುತ್ತಾರೆ. ಲೆಕ್ಕದವರು ಗಿರಾಕಿಯ ನಂಬರ್ ಬರೆದುಕೊಂಡು ಬ್ಯಾಂಕಿನ ಮೆಸೇಜ್ ಕಾಯುತ್ತಾರೆ. ಒಬ್ಬರಲ್ಲೇ ಎರಡು ಚಿತ್ರ ಇದ್ದದ್ದೂ ಉಂಟು. ಸಣ್ಣ ಮೊತ್ತಕ್ಕೆ ದಾರಿ, ದೊಡ್ಡ ಮೊತ್ತಕ್ಕೆ ಲೆಕ್ಕದ ಪುಸ್ತಕ. ಅಂಥವರನ್ನು ಒಂದೇ ಗುಂಪಿಗೆ ತಳ್ಳಬೇಡಿ, ಎರಡೂ ಕಡೆ ಇಡಿ.

ನಕ್ಷೆ ಸರಿಯಿದೆಯಾ ಅಂತ ನೋಡಿ

ಅಂದವಾದ ನಕ್ಷೆ ಸುಳ್ಳೂ ಆಗಿರಬಹುದು. ಪರೀಕ್ಷೆ ಸುಲಭ. ಮೊದಲು ಕೇಳದ ಒಂದು ಹೊಸ ಸಂದರ್ಭ ಕಟ್ಟಿ. ‘ಬಾಕ್ಸ್ ಕದ್ದು ಹೋದರೆ ಇವತ್ತಿನ ವ್ಯಾಪಾರದ ದುಡ್ಡು?’ ಪ್ರತಿ ಗುಂಪಿನವರು ಏನು ಹೇಳಬಹುದು ಅಂತ ನಕ್ಷೆ ನೋಡಿ ಮೊದಲೇ ಬರೆಯಿರಿ. ಆಮೇಲೆ ಹೋಗಿ ಕೇಳಿ. ಹೊಂದದಿದ್ದರೆ ನಕ್ಷೆ ತಿದ್ದಿ. ಡಬ್ಬಿಯ ಗುಂಪಿನ ಒಬ್ಬರು ನಮ್ಮ ಊಹೆ ಮೀರಿ, “ಬಾಕ್ಸ್ ಹೋದ್ರೆ ಹೋಗ್ಲಿ, ದುಡ್ಡು ಸ್ಟಿಕ್ಕರ್‌ನಲ್ಲಿರುತ್ತೆ” ಅಂದರು. ಡಬ್ಬಿ ಯಾವುದು ಅನ್ನುವುದು ಎಲ್ಲರಿಗೂ ಒಂದೇ ಅಲ್ಲ ಅಂತ ಆಗ ತಿಳಿಯಿತು.

ಕೊನೆಗೆ ಸ್ಕ್ರೀನ್

ಎಲ್ಲ ತಪ್ಪು ಚಿತ್ರವನ್ನೂ ತಿದ್ದುವ ಹಟ ಬೇಡ. ಬ್ಯಾಂಕುಗಳ ನಡುವಿನ ಲೆಕ್ಕ ಯಾವಾಗ ತೀರುತ್ತದೆ ಅಂತ ಹೂವಿನಕ್ಕನಿಗೆ ಗೊತ್ತಿಲ್ಲದಿದ್ದರೆ ನಷ್ಟ ಏನೂ ಇಲ್ಲ. ದುಡ್ಡು ದಾರಿಯಲ್ಲಿದೆ ಅನ್ನುವ ಚಿತ್ರ ನಿಜ ಅಲ್ಲದಿದ್ದರೂ ಕಾಯಲು ಹೇಳಿಕೊಡುತ್ತದೆ. ಅದನ್ನು ಬಳಸಿಕೊಳ್ಳಿ. ಜೇಬಿಗೆ ಕತ್ತರಿ ಬೀಳುವ ಕಡೆ ಮಾತ್ರ ಗಟ್ಟಿಯಾಗಿ ತಿದ್ದಿ.

ನಾವು ‘ಬಾಕಿ’ ತೆಗೆದು ಹೀಗೆ ಬರೆದೆವು: ‘ದುಡ್ಡು ನಿಮ್ಮ ಬ್ಯಾಂಕಿನಿಂದ ಹೊರಟಿದೆ. ಅಂಗಡಿಯವರ ಬ್ಯಾಂಕಿಗೆ ಇನ್ನೂ ತಲುಪಿಲ್ಲ. ಮತ್ತೆ ಕೊಡಬೇಡಿ. ತಲುಪದಿದ್ದರೆ 5 ದಿನದೊಳಗೆ ನಿಮಗೆ ವಾಪಸ್ ಬರುತ್ತದೆ.’ ಆ 5 ದಿನ ನಾವು ಹಾಕಿದ್ದಲ್ಲ. ಅಂಗಡಿಗೆ ಮಾಡಿದ ಪಾವತಿ ದಾರಿ ತಪ್ಪಿದರೆ ಅಷ್ಟರೊಳಗೆ ವಾಪಸ್ ಮಾಡಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಅಂತ ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್‌ನಲ್ಲಿ ಹೇಳಿದೆ.

ಹಾಳೆಯ ಮೇಲೆ ಅದನ್ನು ಬರೆದುಕೊಂಡು ಗಾಂಧಿ ಬಜಾರಿಗೆ ಹೋದೆ. ಹೂವಿನಕ್ಕ ನಿಧಾನವಾಗಿ ಓದಿದರು. ‘ಮತ್ತೆ ಕೊಡಬೇಡಿ’ ಅನ್ನುವಲ್ಲಿ ನಿಂತರು.

“ಅಲ್ಲಮ್ಮ, ಮತ್ತೆ ಕೊಡ್ಬೇಡಿ ಅಂತ ಅವ್ರಿಗೆ ಹೇಳ್ತೀಯ. ಐದು ದಿನಕ್ಕೆ ಅವ್ರ ದುಡ್ಡು ಅವ್ರಿಗೇ ಹೋದ್ರೆ, ನನ್ ಹೂವಿಗೆ ಯಾರು ಕೊಡ್ತಾರೆ?”

ನನ್ನ ಹತ್ತಿರ ಉತ್ತರ ಇರಲಿಲ್ಲ. ಒಂದು ಫೋನಿನ ಸ್ಕ್ರೀನನ್ನು ಇಬ್ಬರು ಓದುತ್ತಾರೆ ಅಂತ ಮೊದಲ ಸಂಜೆಯೇ ಕಣ್ಣಾರೆ ನೋಡಿದ್ದೆ. ಆದರೂ ಒಬ್ಬರಿಗಷ್ಟೇ ಬರೆದಿದ್ದೆ. ನೀವೇ ಹೇಳಿ ಅಕ್ಕ, ಏನಿರಬೇಕು ಅಂದೆ. ಯಾರು, ಎಷ್ಟು, ಯಾವಾಗ ಅಂತ ತನಗೊಂದು ಗುರುತು ಬೇಕು ಅಂದರು. ಆಮೇಲೆ ಕೇಳಲು ಒಂದು ಹಿಡಿ ಬೇಕು ಅಂದರು.

ಮುಂದಿನ ಕರಡಿನಲ್ಲಿ ‘ಮತ್ತೆ ಕೊಡಬೇಡಿ’ ತೆಗೆದು, ‘ತಲುಪಿದರೆ ಬಾಕ್ಸ್ ಹೇಳುತ್ತದೆ, ವಾಪಸ್ ಬಂದರೆ ಅಂಗಡಿಗೆ ಕೊಡಿ’ ಅಂತ ಹಾಕಿದೆವು. ಕೆಳಗೆ ಮೊತ್ತ, ಸಮಯ, ವ್ಯವಹಾರದ ನಂಬರಿನ ಕೊನೆಯ ನಾಲ್ಕು ಅಂಕಿ ದೊಡ್ಡದಾಗಿ ಬಂದವು. ಮಗ್ಗುಲಲ್ಲಿ ‘ಅಂಗಡಿಯವರು ಬರೆದುಕೊಳ್ಳಲಿ’ ಅನ್ನುವ ಸಾಲು. ಮತ್ತೆ ಹೋಗಿ ತೋರಿಸಿದೆ. ಅವರು ಸೆರಗಿಗೆ ಕೈ ಒರೆಸಿಕೊಂಡು, ಹೂವಿನ ಬುಟ್ಟಿಯ ಕೆಳಗಿನಿಂದ ಉದ್ರಿ ಪುಸ್ತಕ ತೆಗೆದರು. ಪೆನ್ನು ಹಿಡಿಯಲು ಬರಲ್ಲ ಅಂದಿದ್ದವರು ನಾಲ್ಕು ಅಂಕಿಗಳನ್ನು ನೀಟಾಗಿ ಬರೆದುಕೊಂಡರು. ‘ಬಾಕಿ’ ಅಂತ ಇರುವ ಸಾಲಿನಲ್ಲಿ.